23ನೇ ಪುಟದ ಉಪ್ಪು

ಮೊದಲೇ ಒಂದು ಮಾತು. ಈ ಬರಹದಲ್ಲಿ ನನ್ನ ಪುಸ್ತಕದ ಹೆಸರು ಇಲ್ಲ. "ಇದು ಜಾಹೀರಾತಿನ ಜಾಗ ಅಲ್ಲಪ್ಪ, ಹೆಸರು ಬಿಟ್ಟು ಬರಿ" ಎಂದು ನಮ್ಮ ಕನ್ನಡ ಉಪನ್ಯಾಸಕರು ಹೇಳಿದ್ದಾರೆ. ಅವರ ಮಾತು ಕೇಳಿ ನಗು ಬಂತು. ಯಾಕೆಂದರೆ ಕಳೆದ ನಾಲ್ಕು ತಿಂಗಳಲ್ಲಿ ಆ ಹೆಸರನ್ನು ನಾನು ಹೇಳದೆ ಬಿಟ್ಟ ಜಾಗವೇ ಉಳಿದಿಲ್ಲ. ವಾಟ್ಸಾಪ್, ಇನ್‌ಸ್ಟಾಗ್ರಾಂ, ಫೇಸ್‌ಬುಕ್, ನೆಂಟರ ಗ್ರೂಪ್, ಕ್ರಿಕೆಟ್ ಗ್ರೂಪ್, ಕೊನೆಗೆ ನಮ್ಮ ಬೀದಿಯ ನೀರು ಬಿಡುವ ಸಮಯ ತಿಳಿಸುವ ಗ್ರೂಪಿನಲ್ಲೂ ಹಾಕಿದ್ದೆ. ಈಗ ಹೆಸರಿಲ್ಲದೆ ಬರೆಯುವುದು ನನಗೂ ಒಳ್ಳೆಯದೇ.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲ ರಜೆಯಲ್ಲಿದ್ದೆವು. ದೀಪಾ ಭಾಸ್ತಿ ಅವರು ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' ಎಂಬ ಆ ಸಂಕಲನದ ಸುದ್ದಿಯನ್ನು ಅಂದು ಎಷ್ಟು ಜನ ಸ್ಟೇಟಸ್ ಹಾಕಿದ್ದರು ಎಂಬುದು ನಿಮಗೂ ನೆನಪಿರಬಹುದು. ನಾನೂ ಹಾಕಿದ್ದೆ. ಹಾಸನದ ಒಬ್ಬ ಮುಸ್ಲಿಂ ಹೆಣ್ಣುಮಗಳು ಕನ್ನಡದಲ್ಲಿ ಬರೆದದ್ದು ಲಂಡನ್ನಿನವರೆಗೆ ಹೋಯಿತಲ್ಲ, ದಾವಣಗೆರೆಯ ನಾನು ಬರೆದದ್ದು ಕನಿಷ್ಠ ಹರಿಹರದವರೆಗಾದರೂ ಹೋಗಬಾರದೇ ಎಂದು ಅನ್ನಿಸಿತು. ಆ ಪುಸ್ತಕದ 12 ಕಥೆಗಳನ್ನು ಅವರು 1990ರಿಂದ 2023ರ ನಡುವೆ ಬರೆದರು ಎಂಬ ವಿಷಯ ನನ್ನ ತಲೆಗೆ ಹೋಗಲಿಲ್ಲ. ನಾನು ಒಂದೇ ರಜೆಯಲ್ಲಿ ಒಂಬತ್ತು ಕಥೆ ಬರೆದು ಮುಗಿಸಿದೆ.

ನವೆಂಬರಿನಲ್ಲಿ ಪುಸ್ತಕ ಬಂತು. 72 ಪುಟ, 300 ಪ್ರತಿ, ಬೆಲೆ 80 ರೂಪಾಯಿ. ಡಿಟಿಪಿ, ಮುಖಪುಟ, ಮುದ್ರಣ ಎಲ್ಲಾ ಸೇರಿ 16,500 ರೂಪಾಯಿ ಆಯಿತು. ಅದರಲ್ಲಿ 12,000 ರೂಪಾಯಿ ಅಬ್ಬಾ ಎತ್ತಿದ ಚೀಟಿಯ ಹಣ. ಮನೆಯ ಮುಂದಿನ ತಗಡು ತೂತಾಗಿದೆ, ಮುಂದಿನ ಮಳೆಗಾಲದೊಳಗೆ ಬದಲಾಯಿಸಬೇಕು ಎಂದು ಇಟ್ಟಿದ್ದ ಹಣ ಅದು. ಉಳಿದ 4,500 ರೂಪಾಯಿ ಆಪಾ ಬಟ್ಟೆ ಹೊಲಿದು ಕೂಡಿಸಿದ್ದು. "ಮೂರು ತಿಂಗಳಲ್ಲಿ ವಾಪಸ್ ಕೊಡ್ತೀನಿ, ಇನ್ ಶಾ ಅಲ್ಲಾಹ್" ಎಂದು ನಾನು ಮಾತು ಕೊಟ್ಟೆ. ಅಬ್ಬಾ ಏನೂ ಕೇಳಲಿಲ್ಲ. ಪುಸ್ತಕದ ಕಟ್ಟುಗಳು ಆಟೋದಲ್ಲಿ ಬಂದ ದಿನ ಒಂದು ಪ್ರತಿ ಕೈಗೆತ್ತಿಕೊಂಡು ತೂಕ ನೋಡುವವರ ಹಾಗೆ ಮೇಲೆ ಕೆಳಗೆ ಆಡಿಸಿ, "ಹಗುರ ಇದೆ" ಎಂದರು. ನಮ್ಮ ಅಬ್ಬಾ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವರು. ಅವರ ಬಾಯಲ್ಲಿ ಹಗುರ ಎಂದರೆ ಹೊಗಳಿಕೆ.

ಕಾಲೇಜಿನಲ್ಲಿ ಬಿಡುಗಡೆಯಾದ ದಿನ 41 ಪ್ರತಿ ಹೋದವು. ಉಪನ್ಯಾಸಕರು, ಗೆಳೆಯರು, ಕಚೇರಿಯ ಸಿಬ್ಬಂದಿ ಎಲ್ಲರೂ ಕೊಂಡರು. ನಿಮ್ಮಲ್ಲಿ ಅನೇಕರ ಮನೆಯಲ್ಲಿ ಈಗಲೂ ಅದು ಇರಬಹುದು, ಓದಿರಬಹುದು, ಓದದೆಯೂ ಇರಬಹುದು. ಉಳಿದ 259 ಪ್ರತಿ ಮನೆಗೆ ಬಂದು ಮಂಚದ ಕೆಳಗೆ ಸೇರಿದವು. ರಾತ್ರಿ ಆ ಮಂಚದ ಮೇಲೆಯೇ ನಾನು ಮಲಗುವುದು. ಅವುಗಳ ಮೇಲೆ ಮಲಗಿಕೊಂಡೇ ಮೊಬೈಲ್ ಹಿಡಿದು ಪ್ರಚಾರ ಶುರು ಮಾಡಿದೆ.

ಮೊದಲ ಹನ್ನೊಂದು ದಿನ ನಾನು ಮಾಡಿದ ತಪ್ಪುಗಳನ್ನು ಹೇಳುತ್ತೇನೆ. ಪುಸ್ತಕ ಬರೆಯುವವರಿಗೆ ಮಾತ್ರವಲ್ಲ, ಮನೆಯಲ್ಲಿ ಮೆಹಂದಿ ಹಾಕುವವರಿಗೆ, ಕೇಕ್ ಮಾಡುವವರಿಗೆ, ಟ್ಯೂಷನ್ ಹೇಳುವವರಿಗೂ ಉಪಯೋಗಕ್ಕೆ ಬರಬಹುದು.

ಮುಖಪುಟದ ಚಿತ್ರವನ್ನು ದಿನಕ್ಕೆ ಮೂರು ಸಲ ಸ್ಟೇಟಸ್‌ಗೆ ಹಾಕಿದೆ. ಸ್ಟೇಟಸ್ ಇರುವುದು 24 ಗಂಟೆ. ನೋಡಿದವರ ಪಟ್ಟಿಯಲ್ಲಿ ದಿನವೂ ಅದೇ ನೂರೈವತ್ತು ಹೆಸರುಗಳು. ಅವರಲ್ಲಿ ಕೊಳ್ಳುವವರು ಆಗಲೇ ಕೊಂಡಿದ್ದರು. ಆಮೇಲೆ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ, ಅದರಲ್ಲಿ ಹಿಡಿಸುವ 256 ಜನರನ್ನೂ ತುಂಬಿದೆ. ಆದರೆ ನನ್ನ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ ಎಂಬುದು ಗೊತ್ತಿರಲಿಲ್ಲ. ಹದಿನೇಳು ವರ್ಷದ ಹುಡುಗನ ನಂಬರನ್ನು ಯಾವ ಸಾಹಿತಿ ಉಳಿಸಿಕೊಂಡಿರುತ್ತಾರೆ? ಇನ್‌ಸ್ಟಾಗ್ರಾಂನಲ್ಲಿ ಪೋಸ್ಟಿನ ಕೆಳಗೆ ಆರ್ಡರ್ ಫಾರಂನ ಲಿಂಕ್ ಬರೆದೆ. ಅಲ್ಲಿ ಬರೆದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ, ಅದನ್ನು ಪ್ರೊಫೈಲಿನಲ್ಲಿ ಇಡಬೇಕು ಎಂದು ಒಂದು ವಾರ ಕಳೆದ ಮೇಲೆ ತಂಗಿಯ ವಯಸ್ಸಿನ ಹುಡುಗಿಯೊಬ್ಬಳು ಹೇಳಿಕೊಟ್ಟಳು.

ಫೇಸ್‌ಬುಕ್ಕಿನಲ್ಲಿ ಒಂದೇ ಪೋಸ್ಟಿಗೆ ನಲವತ್ತು ಲೇಖಕರನ್ನು ಟ್ಯಾಗ್ ಮಾಡಿದೆ. ಅವರಲ್ಲಿ ಹಿರಿಯರೊಬ್ಬರು ಖಾಸಗಿಯಾಗಿ ಬರೆದರು: "ಮಗು, ನನ್ನ ಗೋಡೆಗೆ ನಿನ್ನ ಪೋಸ್ಟರ್ ಅಂಟಿಸಬೇಡ. ಒಂದು ಕಥೆ ಕಳಿಸು, ಓದುತ್ತೇನೆ." ನನಗೆ ಮುಖ ಕೆಂಪಾಯಿತು. ಪುಸ್ತಕ ಓದುವವರ ಒಂದು ವಾಟ್ಸಾಪ್ ಗ್ರೂಪಿಗೆ ಗೆಳೆಯ ಸೇರಿಸಿದ್ದ. ಸೇರಿದ ಹತ್ತು ನಿಮಿಷದಲ್ಲಿ ನನ್ನ ಜಾಹೀರಾತು ಹಾಕಿದೆ. ಹದಿನೈದನೇ ನಿಮಿಷಕ್ಕೆ ಅಡ್ಮಿನ್ ನನ್ನನ್ನು ಹೊರಗೆ ಹಾಕಿದ್ದರು. ಮದುವೆ ಮನೆಗೆ ಹೋಗಿ ವಧೂವರರಿಗೆ ಸಲಾಂ ಕೂಡ ಹೇಳದೆ ನೇರವಾಗಿ ಬಿರಿಯಾನಿಯ ಡೇಗಿನ ಹತ್ತಿರ ಹೋದವನ ಗತಿ ಏನಾಗುತ್ತದೋ ಅದೇ ಆಯಿತು. ಇನ್ನೊಬ್ಬ ಅಪರಿಚಿತ ತಾನಾಗಿಯೇ ಸಂದೇಶ ಕಳಿಸಿ, ದುಡ್ಡು ಕೊಟ್ಟರೆ ಹತ್ತು ಸಾವಿರ ಫಾಲೋವರ್ಸ್ ಕೊಡಿಸುವುದಾಗಿ ಹೇಳಿದ. ಕೈಯಲ್ಲಿ ಹಣವಿದ್ದಿದ್ದರೆ ಕೊಟ್ಟುಬಿಡುತ್ತಿದ್ದೆನೋ ಏನೋ. ಇರಲಿಲ್ಲ, ಅಲ್‌ಹಮ್ದುಲಿಲ್ಲಾಹ್.

ಹನ್ನೊಂದು ದಿನದ ಲೆಕ್ಕ ಹೀಗಿತ್ತು: ಎಲ್ಲಾ ಕಡೆ ಸೇರಿ 623 ಲೈಕ್, ಮಾರಾಟವಾದದ್ದು 9 ಪ್ರತಿ. ಲೈಕ್ ಕೊಟ್ಟವರಲ್ಲಿ ನೂರಕ್ಕೆ ಇಬ್ಬರೂ ಕೊಂಡಿರಲಿಲ್ಲ. ಹೆಬ್ಬೆರಳು ಎತ್ತುವುದಕ್ಕೂ ಜೇಬಿಗೆ ಕೈ ಹಾಕುವುದಕ್ಕೂ ನಡುವೆ ಎಷ್ಟು ದೂರವಿದೆ ಎಂದು ಆಗ ತಿಳಿಯಿತು.

ಹನ್ನೆರಡನೇ ದಿನ ಶುಕ್ರವಾರ. ಮಧ್ಯಾಹ್ನ ನಮಾಜ್ ಮುಗಿಸಿ ಅಬ್ಬಾಗೆ ಊಟ ಕೊಡಲು ಭಟ್ಟಿಗೆ ಹೋದೆ. ನಮ್ಮೂರಿನ ಮಂಡಕ್ಕಿ ಭಟ್ಟಿಗಳನ್ನು ನೋಡದವರಿಗೆ ಸ್ವಲ್ಪ ಹೇಳಬೇಕು. ಹೊಟ್ಟು ಉರಿಯುವ ಒಲೆ, ಮೇಲೆ ದೊಡ್ಡ ಬಾಣಲೆ, ಅದರಲ್ಲಿ ಕಾದ ಮರಳು. ಆ ಮರಳಿಗೆ ಅಕ್ಕಿ ಬಿದ್ದ ಕೆಲವೇ ಕ್ಷಣಗಳಲ್ಲಿ ಅರಳಿ ಮಂಡಕ್ಕಿಯಾಗುತ್ತದೆ. ಅದನ್ನು ಆ ಕ್ಷಣಕ್ಕೆ ಸರಿಯಾಗಿ ತೆಗೆದು ಜರಡಿಗೆ ಹಾಕಿ ಮರಳು ಬೇರೆ ಮಾಡಬೇಕು. ಸ್ವಲ್ಪ ಮುಂಚೆ ತೆಗೆದರೆ ಗಟ್ಟಿ, ಸ್ವಲ್ಪ ತಡವಾದರೆ ಕರಕಲು. ಅಬ್ಬಾ ಬನಿಯನ್ ಹಾಕಿ, ತಲೆಗೆ ಟವೆಲ್ ಸುತ್ತಿಕೊಂಡು, ಬಗ್ಗಿ ಮರಳು ಕೆದಕುತ್ತಿದ್ದರು. ಬೆವರು ಸುರಿಯುತ್ತಿತ್ತು, ಹೊಗೆಗೆ ಕಣ್ಣು ಕೆಂಪಾಗಿದ್ದವು. ನಾನು ಬಾಗಿಲಲ್ಲೇ ನಿಂತು, ಅವರಿಗೆ ತಿಳಿಯದ ಹಾಗೆ ಒಂದು ಫೋಟೋ ತೆಗೆದೆ.

ಅಂದು ರಾತ್ರಿ ಆ ಫೋಟೋ ಹಾಕಿ ಕೆಳಗೆ ಹೀಗೆ ಬರೆದೆ: "ಬೆಂಕಿಯಲ್ಲಿ ಬೇಯುವ ತಂದೆ. ಹಸಿವಿನಲ್ಲಿ ಬರೆದ ಮಗ. ಒಂದು ಪ್ರತಿ ಕೊಂಡು ಈ ಬಡ ಕುಟುಂಬದ ಕೈ ಹಿಡಿಯಿರಿ." ಜೊತೆಗೆ ಆಪಾಳ ಖಾತೆಯ ಕ್ಯೂಆರ್ ಕೋಡ್. ಅಂಚೆ ಖರ್ಚು ಸೇರಿ 110 ರೂಪಾಯಿ.

ಬೆಳಗಿನ ಫಜ್ರ್‌ಗೆ ಎದ್ದಾಗ ಮೊಬೈಲ್ ಬಿಸಿಯಾಗಿತ್ತು. ಯಾರು ಯಾರೋ ಹಂಚಿದ್ದರು, ಎಲ್ಲೆಲ್ಲಿಂದಲೋ ಸಂದೇಶಗಳು. ಕೈ ಮುಗಿಯುವ ಚಿತ್ರಗಳು, ಅಳುವ ಮುಖಗಳು. "ಪಾಪ", "ಕಣ್ಣೀರು ಬಂತು", "ಇಂಥವರಿಗೆ ಸಹಾಯ ಮಾಡಬೇಕು". ಒಬ್ಬರು ಪುಸ್ತಕ ಬೇಡ, ದುಡ್ಡು ಮಾತ್ರ ಕಳಿಸುತ್ತೇನೆ ಎಂದರು. ಭಾನುವಾರ ರಾತ್ರಿಯ ಹೊತ್ತಿಗೆ 137 ಆರ್ಡರ್ ಬಂದಿದ್ದವು. ಆಪಾಳ ಖಾತೆಗೆ 15,070 ರೂಪಾಯಿ. ಎರಡೇ ದಿನದಲ್ಲಿ ಹೆಚ್ಚುಕಡಿಮೆ ಪೂರ್ತಿ ಖರ್ಚೇ ಬಂದ ಹಾಗೆ. ಆಪಾ ಮೊಬೈಲ್ ಹಿಡಿದು ಕುಣಿದಳು. ನಾನು ವಿಳಾಸಗಳನ್ನು ಕಾಪಿಯಲ್ಲಿ ಬರೆದುಕೊಳ್ಳುತ್ತಾ ಕೂತೆ. ಬೆಳಗಾವಿ, ಪುತ್ತೂರು, ಸಿಂಧನೂರು, ಮುಂಬೈ. ನನ್ನ ಪುಸ್ತಕ ಹರಿಹರ ದಾಟಿತ್ತು.

ಆ ಭಾನುವಾರವೇ ಅಬ್ಬಾ ಮಂಡಕ್ಕಿ ಚೀಲ ಹಾಕಲು ಮಾರುಕಟ್ಟೆಯ ಒಂದು ಅಂಗಡಿಗೆ ಹೋಗಿದ್ದರು. ಇಪ್ಪತ್ತು ವರ್ಷದಿಂದ ಪರಿಚಯದ ಅಂಗಡಿ. ಮಾಲೀಕರು ಇವರನ್ನು ಒಳಗೆ ಕರೆದು ಕೂರಿಸಿ, ಮೊಬೈಲ್ ತೋರಿಸಿ, "ಸಾಹೇಬ್ರೆ, ಇಷ್ಟು ಕಷ್ಟ ಇದ್ರೆ ನಮಗೆ ಒಂದು ಮಾತು ಹೇಳಬಾರದಿತ್ತಾ?" ಎಂದು ಐನೂರರ ನೋಟು ಮುಂದೆ ಹಿಡಿದರಂತೆ. ಅವರು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟದ್ದು. ಅಬ್ಬಾ ತೆಗೆದುಕೊಳ್ಳಲಿಲ್ಲ. ಇದನ್ನು ನನಗೆ ಹೇಳಲೂ ಇಲ್ಲ, ರಾತ್ರಿ ಅಮ್ಮಿಗೆ ಹೇಳಿದರು.

ಅಮ್ಮಿ ಸುಮ್ಮನಿರುವವರಲ್ಲ. "ನಮ್ಮ ಮನೇಲಿ ನೀನು ಯಾವತ್ತು ಹಸಿದು ಮಲಗಿದ್ದೆ? ರೋಜಾ ಬಿಟ್ರೆ ಯಾವತ್ತು?" ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಕಥೆ ಬರೆಯುವಾಗೆಲ್ಲ ಅಮ್ಮಿ ಮಧ್ಯರಾತ್ರಿಯಲ್ಲೂ ಚಹಾ ಮಾಡಿ ಕೊಟ್ಟಿದ್ದಾರೆ. ಒಗ್ಗರಣೆ ಹಾಕಿದ ಮಂಡಕ್ಕಿಯ ತಟ್ಟೆ ಪಕ್ಕದಲ್ಲಿಟ್ಟುಕೊಂಡೇ ನಾನು ಒಂಬತ್ತೂ ಕಥೆ ಬರೆದದ್ದು. ಹಸಿವಿನಲ್ಲಿ ಬರೆದ ಮಗ ಎಂಬುದು ಶುದ್ಧ ಸುಳ್ಳು.

ಸೋಮವಾರ ಬೆಳಿಗ್ಗೆ ಅಬ್ಬಾ ಕೆಲಸಕ್ಕೆ ಹೊರಟಾಗ ಬಿಳಿ ಶರ್ಟ್ ಹಾಕಿಕೊಂಡಿದ್ದರು. ಜುಮಾ ನಮಾಜಿಗೆ, ಈದ್‌ಗೆ, ಯಾರದಾದರೂ ನಿಕಾಹ್‌ಗೆ ಮಾತ್ರ ಹಾಕುವ, ಇಸ್ತ್ರಿ ಮಾಡಿಟ್ಟ ಶರ್ಟ್. ಭಟ್ಟಿಯ ಬೆಂಕಿಯ ಮುಂದೆ ಆ ಶರ್ಟ್ ಹಾಕಿಕೊಂಡು ಇಡೀ ದಿನ ನಿಂತರು. ಸಂಜೆ ಬಂದಾಗ ಅದು ಬೂದಿಬಣ್ಣಕ್ಕೆ ತಿರುಗಿತ್ತು. ಅಮ್ಮಿ ಒಗೆದು ಹಾಕಿದರು. ಮಂಗಳವಾರ ಮತ್ತೆ ಅದನ್ನೇ ಹಾಕಿಕೊಂಡು ಹೋದರು. ಬುಧವಾರವೂ.

ನನಗೆ ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಶರ್ಟನ್ನು ತಡೆದುಕೊಳ್ಳಲು ಆಗಲಿಲ್ಲ. ಸೋಮವಾರ ರಾತ್ರಿಯೇ ಅವರ ಮುಂದೆ ಹೋಗಿ ಕೂತು, "ಅಬ್ಬಾ, ಮಾಫ್ ಮಾಡಿ" ಎಂದೆ. ಬಹಳ ಹೊತ್ತು ಸುಮ್ಮನಿದ್ದು ಒಂದೇ ಪ್ರಶ್ನೆ ಕೇಳಿದರು: "ಪುಸ್ತಕದಲ್ಲೂ ಹೀಗೇ ಬರೆದಿದ್ದೀಯಾ?"

ಅಬ್ಬಾ ಓದಿದ್ದು ನಾಲ್ಕನೇ ತರಗತಿಯವರೆಗೆ, ಉರ್ದು ಮಾಧ್ಯಮದಲ್ಲಿ. ಕನ್ನಡ ಮಾತಾಡುತ್ತಾರೆ, ಬಸ್ಸಿನ ಬೋರ್ಡ್ ಓದುತ್ತಾರೆ, ಪುಸ್ತಕ ಓದಲಾರರು. ತಾವು ದುಡ್ಡು ಹಾಕಿದ ಪುಸ್ತಕದ ಒಳಗೆ ಏನಿದೆ ಎಂದು ಅವರಿಗೆ ಗೊತ್ತೇ ಇರಲಿಲ್ಲ. ನಾನೂ ಹೇಳಿರಲಿಲ್ಲ. ಬೆಳಗಾವಿಯವರಿಗೆ, ಮುಂಬೈಯವರಿಗೆ ಓದಿ ಓದಿ ಎಂದು ಬೇಡಿಕೊಳ್ಳುತ್ತಿದ್ದವನಿಗೆ ಒಂದೇ ಸೂರಿನ ಕೆಳಗಿದ್ದ ಅಬ್ಬಾಗೆ ಒಂದು ಕಥೆ ಓದಿ ಹೇಳಬೇಕು ಎಂದು ಹೊಳೆದಿರಲಿಲ್ಲ.

ಆ ರಾತ್ರಿಯೇ ಓದಿದೆ. ಒಂಬತ್ತು ಕಥೆಗಳಲ್ಲಿ ಎರಡು ಮಾತ್ರ ಭಟ್ಟಿಗೆ ಸಂಬಂಧಪಟ್ಟವು. ಅವನ್ನು ಓದುತ್ತಾ, ಕಷ್ಟದ ಕಡೆ ನಿಲ್ಲಿಸಿ ನಮ್ಮ ಮಾತಿನಲ್ಲಿ ಹೇಳುತ್ತಾ ಹೋದೆ. ಒಂದು ಕಥೆಯಲ್ಲಿ ಒಬ್ಬ ಕೆಲಸಗಾರ ನಾಲ್ಕೇ ಕಾಳು ಮರಳಿಗೆ ಹಾಕಿ, ಅದು ಅರಳುವ ಸದ್ದಿನಿಂದಲೇ ಕಾವು ಎಷ್ಟಿದೆ ಎಂದು ಹೇಳುತ್ತಾನೆ. ಅದು ಅಬ್ಬಾ ಮಾಡುವ ಕೆಲಸವೇ. ಅಲ್ಲಿಗೆ ಬಂದಾಗ ಅಬ್ಬಾ ನಕ್ಕರು. ಕಥೆಯ ಆ ಮನುಷ್ಯ ಪಾಪದವನಲ್ಲ, ತನ್ನ ಕೆಲಸ ಬಲ್ಲವನು. ನನ್ನ ಪೋಸ್ಟಿನಲ್ಲಿದ್ದ ಮನುಷ್ಯನೇ ಬೇರೆ. ಪುಸ್ತಕದಲ್ಲಿ ಅಬ್ಬಾನನ್ನು ಎತ್ತಿ ನಿಲ್ಲಿಸಿದ್ದವನು, ಅದನ್ನು ಮಾರಲು ಹೋಗಿ ಬಗ್ಗಿಸಿಬಿಟ್ಟಿದ್ದೆ.

ಎರಡನೇ ಕಥೆಯಲ್ಲಿ ಅಬ್ಬಾ ಕೈ ಎತ್ತಿ ತಡೆದರು. "ಏನು ಓದಿದೆ? ಇನ್ನೊಂದು ಸಲ ಓದು." ಓದಿದೆ. 23ನೇ ಪುಟ. ಅರಳಿದ ಮಂಡಕ್ಕಿಯ ಮೇಲೆ ಉಪ್ಪು ಉದುರಿಸಿ ಚೀಲಕ್ಕೆ ತುಂಬಿದರು ಎಂದು ಬರೆದಿದ್ದೆ. "ಉಪ್ಪು ಮೇಲಿಂದ ಯಾರು ಹಾಕ್ತಾರೆ? ನಿಲ್ಲುತ್ತಾ ಅದು?" ಎಂದರು. ಅರಳಿಸುವ ಮುಂಚೆಯೇ ಅಕ್ಕಿಗೆ ಉಪ್ಪುನೀರು ಹಿಡಿಸಬೇಕು. ಉಪ್ಪು ಕಾಳಿನೊಳಗೆ ಹೋದ ಮೇಲೆ ಮರಳು. ಹುಟ್ಟಿದಾಗಿನಿಂದ ಭಟ್ಟಿಯ ಪಕ್ಕದಲ್ಲೇ ಬೆಳೆದ ನನಗೆ ಇದು ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ಗಮನವಿಟ್ಟು ನೋಡಿರಲಿಲ್ಲ. 300 ಪ್ರತಿಯಲ್ಲೂ ಉಪ್ಪು ತಪ್ಪಾಗಿತ್ತು.

ಆಮೇಲೆ ಆ ಪೋಸ್ಟ್ ವಿಷಯ ಬಂತು. ದುಡ್ಡು ಬಂದಾಗಿದೆ, ಏನು ಮಾಡುವುದು ಎಂದು ಕೇಳಿದೆ. ಅಬ್ಬಾ ಹೇಳಿದ್ದು ವ್ಯಾಪಾರದ ಮಾತು: "ಚೀಲದ ಬಾಯಲ್ಲಿ ಒಂದು ಮಾಲು, ತಳದಲ್ಲಿ ಒಂದು ಮಾಲು ಇಡಬಾರದು. ಇಟ್ಟಿದ್ದು ಗೊತ್ತಾದ ಮೇಲೆ ಗಿರಾಕಿಗೆ ನಾವೇ ಹೇಳಬೇಕು, ಅವನು ಕಂಡುಹಿಡಿಯೋ ತನಕ ಕಾಯಬಾರದು."

ಪೋಸ್ಟ್ ಅಳಿಸಿದೆ. ಪಾರ್ಸೆಲ್ ಒಂದೂ ಇನ್ನೂ ಹೋಗಿರಲಿಲ್ಲ. 137 ಜನರಿಗೂ ಒಬ್ಬೊಬ್ಬರಿಗೆ ಹೆಸರು ಹಿಡಿದು ಸಂದೇಶ ಬರೆದೆ. ನಾವು ಹಸಿದವರಲ್ಲ, ಪುಸ್ತಕ ಬಡತನದ ಬಗ್ಗೆ ಅಲ್ಲ, ಒಂಬತ್ತು ಕಥೆಗಳಲ್ಲಿ ಎರಡು ಮಾತ್ರ ಭಟ್ಟಿಯವು, ಉಳಿದವು ಶಾಲೆ, ಅಜ್ಜಿ, ಕ್ರಿಕೆಟ್, ಬಸ್ ಪ್ರಯಾಣದ ಕಥೆಗಳು, ಮರುಕಪಟ್ಟು ಕೊಂಡಿದ್ದರೆ ದಯವಿಟ್ಟು ಹೇಳಿ, ಹಣ ವಾಪಸ್ ಮಾಡುತ್ತೇನೆ ಎಂದು. ಮೂರು ರಾತ್ರಿ ಬೇಕಾಯಿತು. ಎದೆ ಡವಡವ ಎನ್ನುತ್ತಿತ್ತು. 31 ಜನ ಹಣ ವಾಪಸ್ ಕೇಳಿದರು. 3,410 ರೂಪಾಯಿ ಮರಳಿ ಹೋಯಿತು. ಇಬ್ಬರು ಚೆನ್ನಾಗಿ ಬೈದರು, ಬೈಸಿಕೊಳ್ಳಬೇಕಾದದ್ದೇ. ಉಳಿದ 106 ಜನ ಪುಸ್ತಕ ಕಳಿಸಿ ಎಂದರು.

ಕಳಿಸುವ ಮುಂಚೆ ಪ್ರತಿ ಪುಸ್ತಕದ 23ನೇ ಪುಟ ತೆರೆದು, ತಪ್ಪು ಸಾಲಿಗೆ ಪೆನ್ನಿನಿಂದ ಗೆರೆ ಎಳೆದು, ಪಕ್ಕದಲ್ಲಿ "ಉಪ್ಪು ಮೊದಲೇ, ಅಕ್ಕಿಗೆ" ಎಂದು ಬರೆದೆ. ಆಪಾ ಲಕೋಟೆಗೆ ಅಂಟು ಹಚ್ಚಿದಳು. ಅಬ್ಬಾ ನನ್ನ ಗೆರೆ ನೇರವಾಗಿದೆಯೇ ಎಂದು ನೋಡುತ್ತಾ ಕೂತರು. ಗುರುವಾರದಿಂದ ಅವರು ಮತ್ತೆ ಬನಿಯನ್ ಹಾಕಿಕೊಂಡೇ ಭಟ್ಟಿಗೆ ಹೋಗತೊಡಗಿದರು.

ಆದರೆ ಅಂತರ್ಜಾಲದಲ್ಲಿ ಅಳಿಸಿದ್ದು ಅಳಿಯುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಗೆ ಈಗ ಫಾರ್ವರ್ಡ್ ಮಾಡಿದರೆ ಹೋಯಿತು ಎಂದೂ ಸೇರಿಸಬೇಕು. ಮೂರು ವಾರದ ನಂತರ ನಮ್ಮ ನೆಂಟರ ಮದುವೆ ಗ್ರೂಪಿಗೆ ಅದೇ ಫೋಟೋ ಬಂತು, ಹಲವು ಬಾರಿ ಫಾರ್ವರ್ಡ್ ಆಗಿದೆ ಎಂಬ ಜೋಡಿ ಬಾಣದ ಗುರುತಿನೊಂದಿಗೆ. ಪುಸ್ತಕದ ಮಾತು ಪೂರ್ತಿ ಬಿದ್ದುಹೋಗಿ, ಊರಿನ ಹೆಸರು ಬದಲಾಗಿ, ಬೆವರಿದ ಅಬ್ಬಾ ಮಾತ್ರ ಉಳಿದಿದ್ದರು. ಇನ್ನೂ ಎಷ್ಟು ಮೊಬೈಲುಗಳಲ್ಲಿ ಅದು ಓಡಾಡುತ್ತಿದೆಯೋ ಗೊತ್ತಿಲ್ಲ. ಈ ಸಾಲು ಬರೆಯುವಾಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಪುಸ್ತಕದ ಪ್ರಚಾರ ಬಿಡಲಿಲ್ಲ. ಬಿಡಬಾರದು ಕೂಡ. ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು ಎಂದು ನಮ್ಮ ಉಪನ್ಯಾಸಕರು ಪಾಠದ ನಡುವೆ ಹೇಳುತ್ತಿರುತ್ತಾರೆ. 1942ರಲ್ಲಿ ತೀರಿಕೊಂಡ ಅವರ ಕಾಲದಲ್ಲಿ ಮೊಬೈಲ್ ಎಲ್ಲಿತ್ತು? ತನ್ನ ಪುಸ್ತಕ ತಾನು ಮಾರುವುದು ನಾಚಿಕೆಯ ಕೆಲಸ ಅಲ್ಲ ಎಂಬುದಕ್ಕೆ ಅವರೇ ಸಾಕ್ಷಿ. ಆದರೆ ಹೊತ್ತು ಮಾರುವವನು ಪ್ರತಿ ಮನೆಯ ಬಾಗಿಲಲ್ಲಿ ನಿಂತು ಎದುರಿಗಿರುವವರ ಮುಖ ನೋಡುತ್ತಾನೆ. ಅವರ ಕಣ್ಣು ನೋಡುತ್ತಾ ಸುಳ್ಳು ಹೇಳುವುದು ಕಷ್ಟ. ನಮಗೆ ಮುಖ ಕಾಣುವುದಿಲ್ಲ, ಅದಕ್ಕೇ ನಾವು ಇನ್ನಷ್ಟು ಎಚ್ಚರವಾಗಿರಬೇಕು.

ಡಿಸೆಂಬರಿನಲ್ಲಿ ನಾನು ಹಾಕಿದ ಪೋಸ್ಟ್ ಇದು: ಗೆರೆ ಎಳೆದ 23ನೇ ಪುಟದ ಫೋಟೋ, ಕೆಳಗೆ "ನನ್ನ ಪುಸ್ತಕದಲ್ಲಿ ಒಂದು ತಪ್ಪಿದೆ. ಕಂಡುಹಿಡಿದವರು ನಮ್ಮ ಅಬ್ಬಾ. ಮಂಡಕ್ಕಿಗೆ ಉಪ್ಪು ಯಾವಾಗ ಹಾಕುತ್ತಾರೆ, ನಿಮಗೆ ಗೊತ್ತೇ?" ಹಾಕುವ ಮುಂಚೆ ಅಬ್ಬಾಗೆ ಓದಿ ಹೇಳಿ, ಹೂಂ ಅನ್ನಿಸಿಕೊಂಡೆ. ಅದಕ್ಕೆ ಹಿಂದಿನ ಪೋಸ್ಟಿನಷ್ಟು ಲೈಕ್ ಬರಲಿಲ್ಲ. ಆದರೆ ಜನ ಮಾತಾಡಿದರು. ಒಬ್ಬರು ತಮ್ಮ ಅಜ್ಜಿ ಅವಲಕ್ಕಿ ಕುಟ್ಟುತ್ತಿದ್ದುದನ್ನು ಬರೆದರು. ಒಬ್ಬ ಪ್ರಾಥಮಿಕ ಶಾಲೆಯ ಮೇಷ್ಟ್ರು ಕಥೆಯನ್ನು ತರಗತಿಯಲ್ಲಿ ಓದಿ, ಮರಳು ಮಂಡಕ್ಕಿಗೆ ಅಂಟಿಕೊಳ್ಳುವುದಿಲ್ಲವೇ ಎಂದು ಮಕ್ಕಳು ಕೇಳಿದ್ದನ್ನು ನನಗೆ ದಾಟಿಸಿದರು. ಉತ್ತರವನ್ನು ಅಬ್ಬಾ ಹೇಳಿದರು, ನಾನು ಟೈಪ್ ಮಾಡಿದೆ. ದುಬೈಯಲ್ಲಿರುವ ನಮ್ಮೂರಿನವರೊಬ್ಬರು ಐದು ಪ್ರತಿಗೆ ಹಣ ಕಳಿಸಿ, ಇಲ್ಲಿನ ತಮ್ಮ ಮನೆಗೆ ತಲುಪಿಸಲು ಹೇಳಿದರು.

ನನ್ನನ್ನು ಹೊರಗೆ ಹಾಕಿದ್ದ ಗ್ರೂಪಿನ ಅಡ್ಮಿನ್‌ಗೆ ಕ್ಷಮೆ ಕೇಳಿ ಬರೆದೆ. ಮತ್ತೆ ಸೇರಿಸಿದರು. ಈ ಸಲ ಮೂರು ವಾರ ನನ್ನ ಪುಸ್ತಕದ ಹೆಸರೆತ್ತದೆ ಬೇರೆಯವರ ಪುಸ್ತಕ ಓದಿ, ಅನ್ನಿಸಿದ್ದನ್ನು ಬರೆದೆ. ಆಮೇಲೆ ಅವರೇ ಕೇಳಿದರು, "ನೀನೂ ಏನೋ ಬರೆದಿದ್ದೀಯಂತಲ್ಲ?" ಆ ಒಂದು ಪ್ರಶ್ನೆಯಿಂದ 14 ಪ್ರತಿ ಹೋದವು. ಟ್ಯಾಗ್ ಮಾಡಬೇಡ ಎಂದಿದ್ದ ಹಿರಿಯರಿಗೆ ಒಂದೇ ಒಂದು ಕಥೆ ಕಳಿಸಿದೆ. ಓದಿ, ಕೊನೆಯ ಎರಡು ಪ್ಯಾರಾ ಬೇಡವಾಗಿತ್ತು ಎಂದರು. ಸರಿ ಅನ್ನಿಸಿತು. ನಲವತ್ತು ಟ್ಯಾಗ್‌ಗಳಿಂದ ಸಿಗದದ್ದು ಅದು.

ಗೆಳೆಯರೇ, ನಿಮ್ಮಲ್ಲೂ ಬರೆಯುವವರಿದ್ದಾರೆ ಎಂದು ನನಗೆ ಗೊತ್ತು. ಕಡೆಯ ಬೆಂಚಿನಲ್ಲಿ ನೋಟ್ಸಿನ ಹಿಂಬದಿಗೆ ಕವನ ಬರೆಯುವವರನ್ನು ನೋಡಿದ್ದೇನೆ. ಪುಸ್ತಕ ತರುವ ಯೋಚನೆ ಇದ್ದರೆ ಅವಸರ ಬೇಡ. ಮೊದಲು ಮನೆಯವರಿಗೆ ಓದಿ ಹೇಳಿ. ಐಎಸ್‌ಬಿಎನ್ ಸಂಖ್ಯೆ ನಮ್ಮ ದೇಶದಲ್ಲಿ ಉಚಿತವಾಗಿ ಸಿಗುತ್ತದೆ, ಅದಕ್ಕೆ ಯಾರಿಗೂ ದುಡ್ಡು ಕೊಡಬೇಡಿ. ಮೊದಲ ಪುಸ್ತಕ ತರುವ ಯುವ ಬರಹಗಾರರಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನದ ಯೋಜನೆಯೂ ಇದೆ, ಚೀಟಿ ಹಣಕ್ಕೆ ಕೈ ಹಾಕುವ ಮುಂಚೆ ಅದರ ಬಗ್ಗೆ ವಿಚಾರಿಸಿ. ಲೈಕ್ ಎಣಿಸಬೇಡಿ, ಓದಿ ಮರಳಿ ಬರೆದವರನ್ನು ಎಣಿಸಿ. ಮನೆಯವರ ಫೋಟೋ ಹಾಕುವ ಮುಂಚೆ ಅವರನ್ನು ಕೇಳಿ. ಅವರು ನಿಮ್ಮವರೇ ಆದರೂ ಅವರ ಮುಖ ನಿಮ್ಮದಲ್ಲ.

ಈಗಿನ ಲೆಕ್ಕ ಹೇಳಿ ಮುಗಿಸುತ್ತೇನೆ. ಕಾಲೇಜಿನಲ್ಲಿ 41, ಮೊದಲ ಹನ್ನೊಂದು ದಿನ 9, ಆ ಪೋಸ್ಟಿನಿಂದ 106, ಆಮೇಲೆ ಎರಡು ತಿಂಗಳಲ್ಲಿ 74. ಒಟ್ಟು 230. ಮಂಚದ ಕೆಳಗೆ 70 ಉಳಿದಿವೆ. ಅಸಲು ಹುಟ್ಟಿದೆ. ಆಪಾಳ 4,500 ಕೊಟ್ಟಾಯಿತು, ಅಬ್ಬಾನ 12,000 ಕೂಡ. ಹೇಳಿದ ಗಡುವಿಗಿಂತ ಹನ್ನೆರಡು ದಿನ ತಡವಾಯಿತು. ತಗಡು ಇನ್ನೂ ಬದಲಾಯಿಸಿಲ್ಲ, ಮಳೆಗೆ ಇನ್ನೂ ಸಮಯವಿದೆ.

ಕಳೆದ ವಾರ ಅಬ್ಬಾ ತಾವಾಗಿಯೇ ಒಂದು ಫೋಟೋ ತೆಗೆಸಿಕೊಂಡರು. ಬಿಳಿ ಶರ್ಟ್, ಬಾಚಿದ ತಲೆ, ಭಟ್ಟಿಯ ಬಾಗಿಲಲ್ಲಿ ಮಂಡಕ್ಕಿ ಚೀಲದ ಪಕ್ಕ ನೆಟ್ಟಗೆ ನಿಂತು. "ಹಾಕೋದಾದ್ರೆ ಇದನ್ನ ಹಾಕು" ಎಂದರು. ಹಾಕಿದೆ. 58 ಲೈಕ್ ಬಂದವು, ಒಂದು ಪ್ರತಿಯೂ ಹೋಗಲಿಲ್ಲ. ಅಬ್ಬಾಗೆ ಹೇಳಿದೆ. ಅವರಿಗೇನೂ ಬೇಸರವಾದ ಹಾಗೆ ಕಾಣಲಿಲ್ಲ. ಊಟ ಮಾಡುತ್ತಾ, "ಆ 70 ಮುಗಿದ ಮೇಲೆ ಮತ್ತೆ ಅಚ್ಚು ಹಾಕಿಸ್ತೀಯಲ್ಲ, ಆಗ ಉಪ್ಪು ಸರಿ ಮಾಡು" ಎಂದರು.

– ದ್ವಿತೀಯ ಪಿಯುಸಿ, ಕಲಾ ವಿಭಾಗ